ತಿಥಿಯ ಸೂಪಿಗೆ ಉಪ್ಪು

ಕರೆಂಟಿನಲ್ಲಿ ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರಿನ ಮುಂದೆ ನಿಂತು ಎಷ್ಟು ಹೊತ್ತಾಯಿತೋ ತೋವಾಗೇ ಗೊತ್ತಿರಲಿಲ್ಲ. ಅಂದು ಭಾನುವಾರ, ಗಂಡನ ತಿಥಿ. ಹಿಂದಿನ ದಿನ ಸಂಜೆಯೇ ಇಟ್ಟಿದ್ದ ದನದ ಮೂಳೆಯ ಸೂಪು ಹದವಾಗಿ ಬೆಂದಿತ್ತು. ಸುಟ್ಟ ಶುಂಠಿ, ಚಕ್ಕೆ, ಚಕ್ರಮೊಗ್ಗಿನ ವಾಸನೆ ಮನೆಯೆಲ್ಲ ತುಂಬಿತ್ತು. ಇನ್ನು ಉಳಿದದ್ದು ಉಪ್ಪು ಮತ್ತು ಬಾಟಲಿಯ ಉಪ್ಪುಪ್ಪು ಮೀನಿನ ರಸ. ಅವನ್ನು ಹಾಕಿದ್ದಾಗಿದೆಯೋ ಇಲ್ಲವೋ, ಅದೇ ನೆನಪಾಗುತ್ತಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕಟ್ಟೆಯ ಮೇಲೆ ಉಪ್ಪಿನ ಹರಳೋ, ಒದ್ದೆ ಚಮಚವೋ ಸಿಗುತ್ತಿತ್ತು. ತೋವಾ ಮಹಾ ಚೊಕ್ಕಟದ ಹೆಂಗಸು. ಬಳಸಿದ್ದನ್ನು ಬಳಸಿದ ಕೂಡಲೇ ತೊಳೆದು, ಒರೆಸಿ, ಜಾಗಕ್ಕೆ ಇಟ್ಟುಬಿಡುವವಳು. ಬೀದಿಯವರೆಲ್ಲ ಹೊಗಳಿದ ಆ ಅಭ್ಯಾಸವೇ ಇವತ್ತು ಅವಳ ಕುತ್ತಿಗೆಗೆ ಬಂದಿತ್ತು.

ಒಂದು ತೊಟ್ಟು ಬಾಯಿಗೆ ಬಿಟ್ಟುಕೊಂಡರೆ ಮುಗಿಯಿತಲ್ಲ ಎನ್ನುತ್ತೀರಿ. ಹೇಳುವುದು ಸುಲಭ. ತಿಥಿಯ ಅಡುಗೆಯನ್ನು ಸತ್ತವರು ಮೊದಲು ಉಣ್ಣಬೇಕು. ಅಲ್ಲಿಯವರೆಗೆ ಬದುಕಿದ್ದವರ ನಾಲಿಗೆ ಅದನ್ನು ಮುಟ್ಟಬಾರದು. ತೋವಾ ಒಮ್ಮೆ ಸೌಟು ಎತ್ತಿದಳು ಕೂಡ. ಎದುರು ಕಪಾಟಿನ ಮೇಲೆ ಗಂಡನ ಫೋಟೋ ಅವಳನ್ನೇ ನೋಡುತ್ತಿತ್ತು. ಸೌಟು ಕೆಳಗಿಟ್ಟಳು.

ಉಪ್ಪು ಹೆಚ್ಚುಕಮ್ಮಿಯಾದರೆ ಯಾರೂ ಸಾಯುವುದಿಲ್ಲ ಎಂಬುದು ಅವಳಿಗೂ ಗೊತ್ತು. ಅವಳನ್ನು ಹಿಂಡುತ್ತಿದ್ದ ಹೆದರಿಕೆಯೇ ಬೇರೆ. ಈಚೆಗೆ ಮರೆವು ಜಾಸ್ತಿಯಾಗಿತ್ತು. ಅಂಗಡಿಯೊಳಗೆ ನಿಂತು, ಯಾಕೆ ಬಂದೆ ಎಂದು ತಡಕಾಡುತ್ತಿದ್ದಳು. ಹುಟ್ಟಿದೂರು ಬಿಟ್ಟು ಈ ಪರದೇಶಕ್ಕೆ ಬಂದಾಗಿನಿಂದ ಗ್ಯಾರೇಜಿನಲ್ಲಿ ಮಿಷಿನ್ ಇಟ್ಟುಕೊಂಡು ಗಾರ್ಮೆಂಟಿನವರಿಗೆ ಶರ್ಟಿನ ಕಾಲರ್ ಹೊಲಿದು ಮಗನನ್ನು ಓದಿಸಿದ ಕೈ ಅದು. ಮೊನ್ನೆ ಸೂಜಿಗೆ ದಾರ ಪೋಣಿಸಿ, ಹೊಲಿಯಬೇಕಾದದ್ದು ಏನೆಂದು ತಿಳಿಯದೆ ಸುಮ್ಮನೆ ಕೂತುಬಿಟ್ಟಿತ್ತು.

ಇದನ್ನು ಯಾರಿಗೂ ಹೇಳಿರಲಿಲ್ಲ. ಮಗ ಖಾಂಗ್, ಸೊಸೆ ಹಾನ್ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳು ಯೆನ್‌ಳನ್ನು ಶಾಲೆಯಿಂದ ಕರೆತರುವುದು ತೋವಾಳ ಪಾಲಿನ ಕೆಲಸ. ಕೆಲಸ ಅನ್ನುವುದು ಬಾಯಿಮಾತು. ಆಲ್ಫ್ರೀಡಾ ಬೀದಿಯುದ್ದಕ್ಕೂ ಆ ಹುಡುಗಿಯ ಹರಟೆ ಕೇಳುತ್ತ ನಡೆದು ಬರುವುದಕ್ಕಾಗಿಯೇ ಅವಳು ಬೆಳಿಗ್ಗೆ ಏಳುತ್ತಿದ್ದಳು. ಮರೆವಿನ ಸಂಗತಿ ಮನೆಯಲ್ಲಿ ಗೊತ್ತಾದರೆ ಮಗುವನ್ನು ಇವಳ ಜೊತೆ ಕಳಿಸುತ್ತಾರೆಯೇ? ಆ ಜಾಗದಲ್ಲಿ ತಾನಿದ್ದರೂ ಕಳಿಸುತ್ತಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೊಸೆ ಈ ಕುಕ್ಕರ್ ತಂದುಕೊಟ್ಟಾಗಲೇ, ಇವರಿಗೆ ಗೊತ್ತಾಗಿದೆಯೇ ಎಂಬ ಅನುಮಾನ ಬಂದಿತ್ತು. "ಗ್ಯಾಸ್ ಮುಂದೆ ನಿಂತು ಯಾಕಮ್ಮ ಕಾಲು ನೋಯಿಸ್ಕೋತೀರಾ? ಇದ್ರಲ್ಲಿ ಹಾಕಿ ಮರೆತುಬಿಡಿ," ಎಂದಿದ್ದಳು ಹಾನ್. ಬೇಕೆಂದೇ ಮರೆತುಬಿಡಿ ಎಂದಳೇ ಎಂದು ತೋವಾ ಅವಳ ಮುಖವನ್ನೇ ನೋಡಿದ್ದಳು. ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಗ್ಯಾಸಿನ ಮೇಲೆ ಪಾತ್ರೆ ಸೀದು ಕರಕಲಾಗಿತ್ತು. ಅದನ್ನು ಪೇಪರಿನಲ್ಲಿ ಸುತ್ತಿ, ಪಕ್ಕದ ಮನೆಯವರ ಕಸದ ತೊಟ್ಟಿಗೆ ಹಾಕಿ ಬಂದಿದ್ದಳು, ಕಳ್ಳಿಯ ಹಾಗೆ.

ಬಾಗಿಲ ಬೆಲ್ ಹೊಡೆಯಿತು. ತೋವಾ ಬೆಚ್ಚಿಬಿದ್ದು, ಯೋಚನೆ ಮಾಡದೆ ಉಪ್ಪಿನ ಡಬ್ಬಿಗೆ ಕೈಹಾಕಿದಳು. ಉಪ್ಪು ಹಾಕಿ, ಮೀನಿನ ರಸ ಸುರಿದು, ಮುಚ್ಚಳ ಮುಚ್ಚಿ ಓಡಿದಳು.

ಬಂದವಳು ಸೌ, ಗಂಡನ ಅಕ್ಕ. ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ಸವೆದಿದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

"ಏನೇ, ಇಷ್ಟು ಹೊತ್ತು? ಒಳಗೆ ನನ್ನ ತಮ್ಮನ್ನ ಎಬ್ಬಿಸಿ ಕೂರಿಸ್ತಿದ್ಯಾ?"

"ಬನ್ನಿ ಅಕ್ಕ. ಕೂತ್ಕೊಳಿ."

"ಆ ಕರೆಂಟ್ ಮಡಕೇಲೇ ಮಾಡಿದ್ಯಾ ತಿಥಿ ಅಡುಗೇನೂ? ಅವನು ನೋಡಿದ್ರೆ ಫೋಟೋದಿಂದ ಎದ್ದು ಹೋಟ್ಲಿಗೆ ಹೋಗ್ತಾನೆ."

ತೋವಾ ಮದುವೆಯಾಗಿ ಬಂದಾಗಿನಿಂದ ಅವಳ ಕೈಯಡುಗೆಯನ್ನು ಸೌ ಒಂದು ದಿನವೂ ಸುಮ್ಮನೆ ಉಂಡವಳಲ್ಲ. ಒಮ್ಮೆ ಮೂಳೆ ಸರಿಯಾಗಿ ತೊಳೆದಿಲ್ಲ ಎಂದರೆ ಇನ್ನೊಮ್ಮೆ ಸೂಪಿಗೆ ಹಾಕಿದ ಕಲ್ಲುಸಕ್ಕರೆ ಜಾಸ್ತಿ ಎನ್ನುವಳು. ಇವತ್ತು ಮಗ ಸೊಸೆಯ ಎದುರಿಗೆ ಏನು ಹೇಳುತ್ತಾಳೋ!

ಅಂಗಡಿಗೆ ಹೋಗಿದ್ದ ಖಾಂಗ್, ಹಾನ್, ಯೆನ್ ಬಂದರು. ಅಕ್ಕಿ ನೂಡಲ್ಸ್ ಬೇಯಿಸಿ, ಬಟ್ಟಲಿಗೆ ಹಾಕಿ, ಮಾಂಸದ ತೆಳು ಹೋಳುಗಳನ್ನು ಹರಡಿ, ಮೇಲೆ ಕುದಿಯುವ ಸೂಪು ಹೊಯ್ದು ಫೋಟೋದ ಮುಂದೆ ಇಟ್ಟದ್ದಾಯಿತು. ಊದುಬತ್ತಿ ಹಚ್ಚಿದರು. ಅದು ಉರಿದು ಮುಗಿಯುವತನಕ ಸತ್ತವರು ಉಣ್ಣುವ ಹೊತ್ತು. ಉಳಿದವರು ಹಜಾರದಲ್ಲಿ ಮಾತಾಡುತ್ತಿದ್ದರು. ತೋವಾ ಮಾತ್ರ ಕೈಮುಗಿದು ಅಲ್ಲೇ ನಿಂತಿದ್ದಳು.

"ರೀ, ಒಂದು ಸಲ ಹಾಕಿದೀನಾ, ಎರಡು ಸಲಾನಾ? ನೀವಾದ್ರೂ ಹೇಳಿ," ಎಂದು ಒಳಗೊಳಗೇ ಕೇಳಿದಳು. ಬದುಕಿದ್ದಾಗಲೂ ಊಟದ ಹೊತ್ತಿಗೆ ಮಾತಾಡದ ಗಂಡಸು, ಈಗೇನು ಹೇಳಿಯಾನು?

ಎಲ್ಲರೂ ಮೇಜಿಗೆ ಕೂತರು. ನಿಂಬೆ, ಮೊಳಕೆಕಾಳು, ಸೊಪ್ಪು ಕೈಯಿಂದ ಕೈಗೆ ಹೋದವು. ಖಾಂಗ್ ಸೂಪು ಬಾಯಿಗಿಟ್ಟ, ಒಂದು ಕ್ಷಣ ತಡೆದ, ನುಂಗಿದ.

"ಚೆನ್ನಾಗಿದೆ ಅಮ್ಮ."

ಹಾನ್ ತಲೆ ಆಡಿಸಿ ನೀರಿನ ಲೋಟಕ್ಕೆ ಕೈಚಾಚಿದಳು. ಯೆನ್ ನೂಡಲ್ಸ್ ಮಾತ್ರ ಎತ್ತಿ ತಿನ್ನುತ್ತಿದ್ದಳು. ತೋವಾ ಸೌಳ ಬಾಯಿಯನ್ನೇ ನೋಡುತ್ತಿದ್ದಳು. ಸೌ ಒಂದು ಗುಟುಕು ಕುಡಿದಳು. ಗಂಟಲು ಕಷ್ಟಪಟ್ಟು ಮೇಲೆ ಕೆಳಗೆ ಆಡಿತು. ಮತ್ತೊಂದು ಗುಟುಕು ಕುಡಿದಳು.

"ಹದವಾಗಿದೆ," ಎಂದಳು.

ಸೌಳ ಬಾಯಿಂದ ಇಂಥ ಮಾತನ್ನು ತೋವಾ ಕೇಳಿದ್ದೇ ಇಲ್ಲ. ಅವಸರದಿಂದ ತನ್ನ ಚಮಚ ಬಾಯಿಗಿಟ್ಟಳು. ಉಪ್ಪು! ನಾಲಿಗೆ ಸುಲಿದುಹೋಗುವಂಥ ಉಪ್ಪು. ಬೀದಿ ನಾಯಿಯೂ ಮೂಸದ ಈ ನೀರನ್ನು ಸೌ, ಸಾಕ್ಷಾತ್ ಸೌ, ಹದವಾಗಿದೆ ಎಂದಿದ್ದಳು.

"ಯಾವಾಗಿಂದ ಗೊತ್ತು ನಿಮಗೆಲ್ಲ?" ತೋವಾ ಕೇಳಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಏನಮ್ಮ?" ಎಂದ ಖಾಂಗ್, ಬಟ್ಟಲಿನಿಂದ ತಲೆ ಎತ್ತದೆ.

"ಉಪ್ಪು ಬಾಯಿಗೆ ಇಡೋ ಹಾಗಿಲ್ಲ. ಅಕ್ಕ ಬೈಲಿಲ್ಲ. ಯಾವಾಗಿಂದ ಗೊತ್ತು, ಹೇಳಿ."

ಸೌ ಚಮಚವನ್ನು ಮೇಜಿಗೆ ಕುಕ್ಕಿದಳು. "ಸಾಕಪ್ಪ, ನನ್ನ ಕೈಲಾಗಲ್ಲ! ಸುಳ್ಳು ಹೇಳೋಕೆ ನನ್ನನ್ನ ಯಾಕೋ ಸೇರಿಸ್ಕೊಂಡೆ, ಖಾಂಗ್? ನೋಡೇ ತೋವಾ, ನಿನ್ನ ಮರೆವು ಚಳಿಗಾಲದಿಂದ ಗೊತ್ತು. ನಿನ್ನ ಕೈಯಿಂದ ಮಗೂನ ಕಿತ್ಕೊಳ್ಳೋಕೆ ಇವನಿಗೆ ಮನಸ್ಸು ಬರ್ಲಿಲ್ಲ. ದಿನಾ ಸಂಜೆ ಎದುರು ಫುಟ್‌ಪಾತಲ್ಲಿ ನಿನ್ನ ಹಿಂದೆ ನಾನು ನಡೀತಿದೀನಿ. ಈ ಮಂಡಿ ಇಟ್ಕೊಂಡು! ಕತ್ತೆ, ಒಂದು ಸಲಾನಾದ್ರೂ ತಿರುಗಿ ನೋಡಿದ್ಯಾ?"

ಬೈಗುಳ ಕೇಳಿ ತೋವಾಗೆ ಒಂದಿಷ್ಟು ಉಸಿರು ಬಂತು. ಆದರೆ ಕೇಳದೆ ಇರಲಾಗಲಿಲ್ಲ. "ನಾನು ಎಲ್ಲಾದ್ರೂ ದಾರಿ ತಪ್ಪಿದ್ನಾ ಅಕ್ಕ?"

ಸೌ ಕುಕ್ಕಿದ ಚಮಚವನ್ನು ನೆಟ್ಟಗೆ ಮಾಡಿಟ್ಟಳು. "ಒಂದು ಸಲ," ಎಂದಳು ಆಮೇಲೆ. "ಸ್ಟೇಷನ್ ಕಡೆ ತಿರುಗಿಬಿಟ್ಟೆ. ನಾನು ರಸ್ತೆ ದಾಟಿ ಬರೋಷ್ಟರಲ್ಲಿ ಮಗೂನೇ ನಿನ್ನ ಕೈ ಹಿಡಿದು ವಾಪಸ್ ಎಳ್ಕೊಂಡು ಬಂತು."

ಯೆನ್ ಗಾಬರಿಯಿಂದ ತಲೆ ಎತ್ತಿದಳು. "ನಾನು ಹೇಳಿಲ್ಲ ಅಜ್ಜಿ. ಯಾರಿಗೂ ಹೇಳ್ಬೇಡ ಅಂತ ನೀನು ಅತ್ಕೊಂಡು ಆಣೆ ಹಾಕಿಸ್ಕೊಂಡ್ಯಲ್ಲ, ನಾನು ಅಪ್ಪಂಗೂ ಹೇಳಿಲ್ಲ."

ಸ್ಟೇಷನ್ನೂ ಇಲ್ಲ, ಅತ್ತದ್ದೂ ಇಲ್ಲ, ಆಣೆ ಹಾಕಿಸಿಕೊಂಡದ್ದೂ ಇಲ್ಲ. ಅಂಥದ್ದೊಂದು ಸಂಜೆ ತೋವಾಳ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ. ತನ್ನ ಗುಟ್ಟನ್ನು ಕಾಯುವ ಕೆಲಸವನ್ನು ಈ ಪುಟ್ಟ ಹುಡುಗಿಯ ತಲೆಗೆ ಕಟ್ಟಿ, ಅದನ್ನೂ ಮರೆತಿದ್ದಳು. ಅದುವರೆಗಿನ ಹೆದರಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಅನಿಸಿತು.

"ಅವತ್ತು ಹೆದರಿದ್ಯಾ ಮರಿ?"

ಯೆನ್ ಅಪ್ಪನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಸ್ವಲ್ಪ," ಎಂದಳು.

ತೋವಾ ಅವಳ ಮುಂದಿದ್ದ ಬಟ್ಟಲನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಇದನ್ನ ತಿನ್ಬೇಡ, ಉಪ್ಪು," ಎಂದಳು. "ನಾಳೆಯಿಂದ ನಿನ್ನ ಸ್ಕೂಲಿಂದ ಸೌ ಅಜ್ಜಿ ಕರ್ಕೊಂಡ್ ಬರ್ತಾರೆ."