ವೈರಸ್ ತಿಂದ ದನಿ

ಸಿಂಧನೂರಿನಲ್ಲಿ ಹೊಸ ಗೊಬ್ಬರದಂಗಡಿ ತೆರೆದರೂ, ಸೀರೆಗೆ ರಿಯಾಯಿತಿ ಬಿಟ್ಟರೂ, ನಾಳೆ ದಿನವಿಡೀ ಕರೆಂಟ್ ಇಲ್ಲವೆಂದರೂ ಊರಿಗೆ ಸುದ್ದಿ ಮುಟ್ಟುವುದು ಆಟೊ ಮೇಲೆ ಕಟ್ಟಿದ ಮೈಕಿನಿಂದ. ಆ ಮೈಕಿನಲ್ಲಿ ಮಾತಾಡುತ್ತಿದ್ದವರು ನಮ್ಮ ಯಜಮಾನರು. ಮನೆಯ ಒಳಕೋಣೆಯೇ ನಮ್ಮ ರೆಕಾರ್ಡಿಂಗ್ ಕೋಣೆ. ಅವರು ಮಾತಾಡುವುದು, ನಾನು ಕಂಪ್ಯೂಟರಿನ ಮುಂದೆ ಕೂತು ಅದನ್ನು ಸಾಫ್ ಮಾಡಿ ಪೆನ್ ಡ್ರೈವಿಗೆ ಹಾಕಿ ಆಟೊದವರಿಗೆ ಕೊಡುವುದು. ಮಸ್ಕಿ, ಲಿಂಗಸುಗೂರಿನ ತನಕ ಅವರ ದನಿ ಓಡಾಡುತ್ತಿತ್ತು. ಸಂತೆಯಲ್ಲಿ ಇವರು ಬಾಯಿ ತೆಗೆದರೆ ಸಾಕು, ಕಾಯಿಪಲ್ಲೆ ಮಾರುವ ಹೆಂಗಸರು ತಲೆಯೆತ್ತಿ, "ಯಪ್ಪಾ, ಮೈಕಿನ್ಯಾಗ ಒದರೋರು ನೀವ ಏನ್ರಿ!" ಎಂದು ನಗುತ್ತಿದ್ದರು. ಇವರಿಗೆ ಅದರ ಸೊಕ್ಕೂ ಇತ್ತು. ಬದನೆಕಾಯಿಗೆ ಚೌಕಾಸಿ ಮಾಡುವಾಗಲೂ ಅದೇ ಮೈಕಿನ ಗತ್ತು. ನನಗೆ ನಾಚಿಕೆಯಾಗಿ ತುಸು ಹಿಂದೆ ಸರಿದು ನಿಲ್ಲುತ್ತಿದ್ದೆ.

ಅಂಥವರ ಗಂಟಲಿಗೇ ಗಡ್ಡೆ ಬಂತು. ದೇವರಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಎಷ್ಟು ಬೈದೆನೋ. ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು, ತೆಗೆದರು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು. ತುಟಿ ಆಡುತ್ತವೆ, ಸದ್ದಿಲ್ಲ. ದವಾಖಾನೆಯಿಂದ ಬಂದವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬರೆದಾದರೂ ಹೇಳಲಿ ಎಂದು ಪಾಟಿ, ಬಳಪ ತಂದಿಟ್ಟೆ. ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಕೈ ಆಡಿಸಿ ಬೇಡವೆನ್ನುತ್ತಿದ್ದರು.

ಹೀಗಿರುವಾಗ ಒಬ್ಬ ಆಟೊದವನು ಬಂದು, "ಅಕ್ಕಾರ, ಹಳೇ ಸೀರಿ ಅಂಗಡಿದು ಐತಲ್ರಿ, ಅದರಾಗ ಹೆಸರಷ್ಟ ಬ್ಯಾರೆ ಹಾಕಿ ಕೊಡ್ರಿ" ಎಂದ. ಹೊಸ ಹೆಸರನ್ನು ಹೇಳುವವರು ಯಾರು? ಹಳೆಯ ರೆಕಾರ್ಡುಗಳಲ್ಲೆಲ್ಲ ಕೈಯಾಡಿಸಿದೆ. ಯಾವುದೋ ಬೀಜದ ಅಂಗಡಿಯ ಹೆಸರಿನಿಂದ ಅರ್ಧ ಕತ್ತರಿಸಿ, ಬೇಕರಿಯ ಹೆಸರಿನ ಅರ್ಧ ಜೋಡಿಸಿ, ಒಂದು ಮಾತು ಮಾಡಿ ಕೇಳಿಸಿದೆ. ಗೋಡೆಯ ಕಡೆ ಇದ್ದ ಮುಖ ಈ ಕಡೆ ತಿರುಗಿತು. ಎದ್ದು ಬಂದು ಖುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು ಪಾಟಿಯ ಮೇಲೆ ಬರೆದರು: "ನಡುವ ಉಸಿರು ಬಿಡು. ಗಡಿಬಿಡಿ ಆಗೈತಿ."

ಅಂದಿನಿಂದ ಅದೇ ನಮ್ಮ ಕೆಲಸವಾಯಿತು. ಊರುಗಳ ಹೆಸರು, ವಾರಗಳ ಹೆಸರು, ಬನ್ನಿರಿ, ತಪ್ಪದೇ, ನಾಳೆ, ಉಚಿತ ಎಂದು ಒಂದೊಂದೇ ಮಾತನ್ನು ಕತ್ತರಿಸಿ ಒಂದು ಫೋಲ್ಡರಿನಲ್ಲಿ ತುಂಬಿದೆವು. ಒಂದು ಮಾತು ಸಿಗದಿದ್ದರೆ ಇವರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, ಅದನ್ನು ಯಾವ ಹಬ್ಬಕ್ಕೆ ಯಾವ ಅಂಗಡಿಗೆ ಹೇಳಿದ್ದೆನೆಂದು ಬರೆದು ತೋರಿಸುತ್ತಿದ್ದರು. ಗಡ್ಡ ತೆಗೆಸಿಕೊಂಡರು. ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ನೆನೆಸಿ ಕೊಟ್ಟರೆ ತಿನ್ನತೊಡಗಿದರು. ಆ ಫೋಲ್ಡರ್ ಇರುವ ತನಕ ಈ ಮನುಷ್ಯ ಇರುತ್ತಾನೆ ಎಂದು ನಾನು ನಂಬಿಬಿಟ್ಟೆ.

ಇನ್ನೊಬ್ಬ ಆಟೊದವನ ಪೆನ್ ಡ್ರೈವಿನಲ್ಲಿ ಬಂತು ಅದು. ಡಿಜೆ ಹಾಡು ತುಂಬಿದ್ದ ಪೆನ್ ಡ್ರೈವ್. ಸಿಕ್ಕಿಸಿದೆ, ಹಾಡಿನಂತೆ ಕಂಡದ್ದನ್ನು ಒತ್ತಿದೆ, ಏನೂ ತೆರೆಯಲಿಲ್ಲ. ಹಾಳಾಗಿ ಹೋಗಲಿ ಎಂದು ಊಟಕ್ಕೆ ಎದ್ದೆ. ತಿರುಗಿ ಬಂದು ನೋಡಿದರೆ ಎಲ್ಲ ಫೈಲುಗಳ ಹೆಸರಿನ ಹಿಂದೆ ತಲೆಬುಡ ತಿಳಿಯದ ಅಕ್ಷರಗಳು ಅಂಟಿಕೊಂಡಿದ್ದವು. ಯಾವುದನ್ನು ಒತ್ತಿದರೂ ದನಿ ಇಲ್ಲ. ಫೋಲ್ಡರ್ ಫೋಲ್ಡರಿನಲ್ಲೂ ಇಂಗ್ಲಿಷಿನಲ್ಲಿ ಒಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಹಣ ಕಳಿಸಿದರೆ ಕೀಲಿ ಕೊಡುತ್ತೇವೆ. ಅವರ ಮನೆ ಹಾಳಾಗ, ಅವರ ಬಾಯಾಗ ಮಣ್ಣು ಬೀಳ ಎಂದು ಕಂಪ್ಯೂಟರಿನ ಮುಂದೆ ಕೂತು ಒಬ್ಬಳೇ ಶಾಪ ಹಾಕಿದೆ.

ಬ್ಯಾಕಪ್ ಇರಲಿಲ್ಲವೇ ಎಂದು ಈಗ ಸಿಕ್ಕಸಿಕ್ಕವರೆಲ್ಲ ಕೇಳುತ್ತಾರೆ. ಇತ್ತಪ್ಪಾ, ಇತ್ತು. ಎಲ್ಲವೂ ಇನ್ನೊಂದು ಡಿಸ್ಕಿನಲ್ಲಿ ಕಾಪಿ ಆಗುತ್ತಿತ್ತು. ಆದರೆ ಬಿಚ್ಚಿಟ್ಟರೆ ಎಲ್ಲಿಯೋ ಬಿದ್ದೀತು, ಒಡೆದೀತು ಎಂದು ಅದನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೆವು. ವೈರಸ್ಸು ಮನೆಯೊಳಗಿನ ಬಾಗಿಲಿನಿಂದಲೇ ಅದರೊಳಗೂ ಹೊಕ್ಕಿತ್ತು. ಮೊಬೈಲಿನಲ್ಲಿದ್ದ ಮನೆಯ ವಿಡಿಯೊಗಳನ್ನೂ ಜಾಗ ಸಾಲದೆಂದು ಕಂಪ್ಯೂಟರಿಗೆ ಸಾಗಿಸಿ, ಮೊಬೈಲ್ ಖಾಲಿ ಮಾಡಿಕೊಂಡಿದ್ದೆ. ಅವೂ ಹೋದವು.

ಊರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ಎರಡೂ ಡಿಸ್ಕು ಇಟ್ಟುಕೊಂಡು ಬಹಳ ಹೊತ್ತು ಒದ್ದಾಡಿದರು. "ಅಕ್ಕಾರ, ಬರೇ ಅಳಿಸಿದ್ರ ತೆಗೀಬೌದಿತ್ತು. ಇವು ಅಳಿಸಿಲ್ರಿ, ಕೀಲಿ ಹಾಕ್ಯಾರ. ರೊಕ್ಕ ಕಳಿಸಿದ್ರೂ ಕೀಲಿ ಕೊಡ್ತಾರಂತ ಗ್ಯಾರಂಟಿ ಇಲ್ಲ" ಎಂದರು. ಏನೋ ಸಾಫ್ಟ್‌ವೇರ್ ಹಾಕಿ ಒಂದಷ್ಟು ಚೂರು ಹೊರಗೆಳೆದರು. ಹೆಸರಿಲ್ಲ, ತಲೆಯಿಲ್ಲ, ಒಳಗೆ ಬರೀ ಚಟಚಟ ಸದ್ದು. "ಇವುರ ಕಾಪಿ ಬ್ಯಾರೆ ಎಲ್ಲೆರ ಅದಾವೇನ್ರಿ?" ಎಂದು ಕೇಳಿದರು. ಆಟೊಗಳಲ್ಲಿ ಇರಬೇಕಲ್ಲ ಎಂದು ನನಗೆ ಆಗ ಹೊಳೆಯಿತು. ಅವರು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದು ಮಾಡಿಕೊಟ್ಟು, ಹೊಸ ಡಿಸ್ಕನ್ನು ಕೆಲಸವಾದ ಕೂಡಲೇ ಬಿಚ್ಚಿಡಬೇಕೆಂದು ಕಲಿಸಿದರು.

ಮನೆಗೆ ಬಂದರೆ, ಫೈಲು ಹೋದದ್ದು ತಿಳಿದಿದ್ದ ಇವರು ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ನಾ ಹುಡುಕ್ಕೊಂಡು ಬರ್ತೀನ್ರಿ. ಊರಾಗೆಲ್ಲಾ ನಿಮ್ಮ ಆವಾಜ್ ಐತಿ, ಎಲ್ಲಿಗೆ ಹೋಗತೈತಿ?" ಎಂದೆ.

ಮೊದಲು ಮಸ್ಕಿಗೆ ಹೋದೆ. ನಮ್ಮ ಹತ್ತಿರ ಪ್ರತಿ ಹಂಗಾಮಿಗೂ ಮಾತು ಮಾಡಿಸುತ್ತಿದ್ದ ಗೊಬ್ಬರದಂಗಡಿಯವರು ಮುಖ ಸಣ್ಣ ಮಾಡಿಕೊಂಡು, "ಈಗ ಮೊಬೈಲಿನ್ಯಾಗ ಟೈಪ್ ಮಾಡಿದ್ರ ಅದ ಓದತೈತ್ರಿ ಅಕ್ಕಾರ, ಹಳೇವು ಎಲ್ಲಿ ಇಡೋದ್ರಿ" ಎಂದರು. ಬಳಗಾನೂರಿನ ಆಟೊದವನು ಪೆನ್ ಡ್ರೈವ್ ಕೊಟ್ಟ. ಅದರ ತುಂಬ ತೆಲುಗು ಹಾಡು. ಸಿಂಧನೂರಿನಲ್ಲೇ ಇಬ್ಬರ ಹತ್ತಿರ ಇವರ ದನಿ ಸಿಕ್ಕಿತು, ಆದರೆ ಅದರ ಕೆಳಗೆ ಶಹನಾಯಿ. ಮಾತಿನ ಹಿಂದೆ ಸಂಗೀತ ಇದ್ದರೆ ಚಂದವೆಂದು ಹಾಕಿದವಳು ನಾನೇ. ಈಗ ಎಷ್ಟು ಪ್ರಯತ್ನಪಟ್ಟರೂ ಬೇರೆ ಮಾಡಲು ಬರಲಿಲ್ಲ. ಒಂದು ಮಾತು ಕತ್ತರಿಸಿದರೆ ಅದರ ಜೊತೆ ಶಹನಾಯಿಯ ಒಂದು ತುಂಡು ಅಳುತ್ತಾ ಬರುತ್ತಿತ್ತು. ಜೋಡಿಸಿದರೆ ಕೇಳಲಾಗದಷ್ಟು ಕೆಟ್ಟದಾಗಿರುತ್ತಿತ್ತು.

ಬಸ್ಸಿನಲ್ಲಿ ಬರುತ್ತಾ ಇನ್ನೊಂದು ಸಂಗತಿ ನನ್ನನ್ನು ಹಿಂಡಿತು. ಊರೂರು ತಿರುಗಿ ನಾನು ತರುವುದೇನಿದ್ದರೂ ಜನರಿಗೆಂದು ಆಡಿದ ಮಾತು. ರೆಕಾರ್ಡ್ ಮಾಡುವಾಗ ಮೊದಲಿಗೆ ಇವರು ನನ್ನ ಜೊತೆ ಮಾತಾಡುತ್ತಿದ್ದರು. "ಏ, ಫ್ಯಾನ್ ಬಂದ್ ಮಾಡಬೇ." "ನೀರು ಕೊಡು, ಗಂಟಲು ಒಣಗೇತಿ." "ಚಲೋ ಬಂತೇನ? ಖರೇ ಹೇಳು." ಬಿಸಿಲಿಗೆ ಬೈಯುವುದು, ನನ್ನ ಸಾರಿಗೆ ಉಪ್ಪು ಹೆಚ್ಚಾಗಿತ್ತೆನ್ನುವುದು, ಸುಮ್ಮನೆ ನಗುವುದು. ಅದೆಲ್ಲ ಇನ್ನೂ ಕತ್ತರಿಸದ ಹಸಿ ರೆಕಾರ್ಡಿನಲ್ಲಿ ಇರುತ್ತಿತ್ತು. ಪೆನ್ ಡ್ರೈವಿಗೆ ಹಾಕುವ ಮುಂಚೆ ನಾನು ಕೆಮ್ಮು, ಉಸಿರು, ನನಗಾಗಿ ಆಡಿದ ಮಾತು ಒಂದನ್ನೂ ಬಿಡದೆ ಕತ್ತರಿಸಿ ತೆಗೆಯುತ್ತಿದ್ದೆ. ಅದೇ ಅಲ್ಲವೇ ನನ್ನ ಕೆಲಸ. ಆಪರೇಷನ್ ಆದಮೇಲೆ ಇವರು ಮಲಗಿದ ಮಧ್ಯಾಹ್ನಗಳಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಹಸಿ ರೆಕಾರ್ಡುಗಳನ್ನೇ ಕೇಳುತ್ತಿದ್ದೆ. ಇವರಿಗೆ ಹೇಳಿರಲಿಲ್ಲ. ಅವು ಯಾವ ಆಟೊದಲ್ಲೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು, "ಯಾಕವ್ವಾ, ಯಾರೆರ ತೀರಿಕೊಂಡಾರೇನು?" ಎಂದು ಕೇಳಿದಳು. ಇಲ್ಲವೆಂದು ಕಣ್ಣೊರೆಸಿಕೊಂಡೆ.

ಲಿಂಗಸುಗೂರಿಗೆ ಹೋದದ್ದು ಆಸೆಯಿಂದಲ್ಲ, ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ. ಹೋದ ಅಂಗಡಿಗಳಲ್ಲಿ ಏನೂ ಸಿಗದೆ ವಾಪಸು ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ಓಣಿಯೊಳಗಿನಿಂದ ಇವರ ದನಿ ಕೇಳಿತು. ಸೀರೆಯ ನೆರಿಗೆ ಹಿಡಿದು ಓಡಿದೆ. ಹಳೆ ಸಾಮಾನು ಕೊಳ್ಳುವವನ ಆಟೊ. "ಹಳೆ ಕಬ್ಬಿಣ, ಒಡೆದ ಬಕೆಟು, ಕೆಟ್ಟ ಮಿಕ್ಸರು, ಹರಿದ ಪುಸ್ತಕ, ತಲೆಗೂದಲು ಇದ್ದರೆ ಹೊರಗೆ ತನ್ನಿರಿ ತಾಯಂದಿರೇ." ಶಹನಾಯಿ ಇಲ್ಲ, ಏನಿಲ್ಲ. ಸಂಗೀತ ಹಾಕಿದರೆ ಅಡುಗೆಮನೆಯ ತನಕ ಮಾತು ಕೇಳಿಸುವುದಿಲ್ಲವೆಂದು ಆತ ರೆಕಾರ್ಡ್ ಮಾಡಿಸುವಾಗಲೇ ಹಟ ಹಿಡಿದಿದ್ದ.

"ಈ ಆವಾಜಿಗೆ ಹೆಣ್ಮಕ್ಕಳು ಕೈಯಾಗಿನ ಕೆಲಸ ಬಿಟ್ಟು ಬರ್ತಾರ್ರಿ ಅಕ್ಕಾರ. ಸಾವ್ಕಾರ್ರು ಆರಾಮದಾರೇನ್ರಿ? ಹೊಸದೊಂದು ಮಾಡಸಬೇಕಾಗಿತ್ತು, ಹಳೇ ಬ್ಯಾಟ್ರಿ ಹೆಸರೂ ಸೇರಿಸಿ" ಎಂದ ಆತ. "ಆರಾಮದಾರ" ಎಂದಷ್ಟೇ ಹೇಳಿ ಕಾಪಿ ಮಾಡಿಕೊಂಡೆ.

ಮನೆಗೆ ಬಂದು ಮೊದಲು ಅದನ್ನು ಹೊಸ ಡಿಸ್ಕಿಗೆ ಹಾಕಿ ಬಿಚ್ಚಿಟ್ಟೆ. ಇನ್ನೊಂದು ಕಾಪಿಯನ್ನು ತಂಗಿಯ ಮನೆಗೆ ಕಳಿಸಲೆಂದು ಪೆನ್ ಡ್ರೈವಿಗೆ ಹಾಕಿದೆ. ಒಡೆದ ಬಕೆಟಿಗೆ ಇಷ್ಟೊಂದು ಕಾವಲು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆಮೇಲೆ ಇವರಿಗೆ ಕೇಳಿಸುವಂತೆ ದೊಡ್ಡದಾಗಿ ಹಚ್ಚಿದೆ. ಇವರು ತಿರುಗುವ ಮೊದಲೇ ಪಕ್ಕದ ಮನೆಯಾಕೆ ಸೀಳಿದ ಪ್ಲಾಸ್ಟಿಕ್ ಟಬ್ ಹಿಡಿದು ಬಾಗಿಲಿಗೆ ಬಂದಳು. "ಸಾಮಾನಿನಾಂವ ಬಂದಾನೇನಬೇ?" "ಯಾರೂ ಬಂದಿಲ್ಲ, ಹೋಗು!" ಎಂದು ಆಕೆಯ ಮೇಲೆ ಹರಿಹಾಯ್ದೆ. ಆಕೆ ಬೆರಗಾಗಿ ಹೊರಟುಹೋದಳು.

ಇವರು ಎದ್ದು ಕೂತಿದ್ದರು. ದನಿಯ ಜೊತೆ ತುಟಿ ಆಡುತ್ತಿದ್ದವು. ಹಳೆ ಕಬ್ಬಿಣ, ಒಡೆದ ಬಕೆಟು, ಒಂದು ಕೂದಲೆಳೆಯಷ್ಟೂ ತಪ್ಪದೆ. ಎಷ್ಟೋ ದಿನಗಳ ಮೇಲೆ ಆ ಬಾಯಿಂದ ಆ ದನಿ ಬಂದಂತೆ ಕಂಡಿತು. ನನಗೆ ಹುಚ್ಚು ಆಸೆ ಹುಟ್ಟಿ ಇನ್ನಷ್ಟು ಹತ್ತಿರ ಹೋಗಿ ಕೂತೆ. ಮಾತು ಮುಗಿಯಿತು. ಸ್ಪೀಕರ್ ಸುಮ್ಮನಾಯಿತು. ಇವರ ತುಟಿ ಮಾತ್ರ ನಿಲ್ಲಲಿಲ್ಲ. ನನ್ನ ಮುಖ ನೋಡುತ್ತಾ ಇನ್ನೂ ಏನೋ ಹೇಳುತ್ತಿದ್ದರು. ಅದು ಮೈಕಿನದಲ್ಲ, ನನಗೆ ಹೇಳುತ್ತಿದ್ದದ್ದು.

"ಏನಂದ್ರಿ?" ಎಂದೆ.

ಇನ್ನೊಮ್ಮೆ ನಿಧಾನವಾಗಿ ಹೇಳಿದರು. ಕಣ್ಣು ಕೀಲಿಸಿ ನೋಡಿದೆ, ತಿಳಿಯಲಿಲ್ಲ. ಪಾಟಿ ತಂದು ಮುಂದೆ ಹಿಡಿದೆ. ಬಳಪ ಕೈಗೆ ತೆಗೆದುಕೊಂಡರು, ಆಮೇಲೆ ಕೆಳಗಿಟ್ಟು ಏನಿಲ್ಲ ಎಂಬಂತೆ ಕೈ ಆಡಿಸಿದರು.