ಸೋನಾಬಾಯಿಯ ಹೊರೆ ಎತ್ತುವವನು

ಪೇಟೆಂಟ್ ಎಂದರೆ ಏನೆಂದು ಅಮೋಲನಿಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಹಾಗೆಂದು ಅವನು ನಂಬಿದ್ದ. ಕಾಗವಾಡದ ನಾಕಾದಲ್ಲಿ ಸಿಗುವ ಖಾರದ ತಿಂಡಿ ಮಿಸಳ ಪೇಟೆಂಟ್. ಅವನು ವೆಲ್ಡಿಂಗ್ ಮಾಡುವ ಟ್ರ್ಯಾಲಿ ವರ್ಕ್‌ಶಾಪಿನ ಮಾಲಕ ಪಗಾರದ ದಿನ ತಪ್ಪದೆ ಹೇಳುವ ‘ಈ ಸಲ ಭಾಳ ಟೈಟ್ ಐತಿ ನೋಡ್ಪಾ’ ಎಂಬ ಮಾತು ಪೇಟೆಂಟ್. ಸ್ವತಃ ಅಮೋಲನ ಪೇಟೆಂಟ್ ಎಂದರೆ ಕೆಲಸಕ್ಕೆ ತಡವಾಗಿ ಬರುವುದು, ಬಂದ ಮೇಲೆ ಬೈಕಿನ ಮೇಲೆ ತಪ್ಪು ಹೊರಿಸುವುದು. ಏನಾದರೂ ಒಬ್ಬರಿಗೇ ಅಂಟಿಕೊಂಡಿದ್ದರೆ ಆ ಕಡೆ ಅದಕ್ಕೆ ಪೇಟೆಂಟ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅವನ ಮಾವಶಿ, ಅಂದರೆ ತಾಯಿಯ ತಂಗಿ, ಉಗಾರ ಬುದ್ರುಕದ ಸೋನಾಬಾಯಿಯ ಪೇಟೆಂಟ್ ಬಡಾಯಿ.

ಚಿಂಚಲಿಯಲ್ಲಿ ಹುಟ್ಟಿ ಉಗಾರಕ್ಕೆ ಸೊಸೆಯಾಗಿ ಬಂದವಳು ಸೋನಾಬಾಯಿ. ಬಂದ ಹೊಸದರಲ್ಲೇ ಮಾವನ ಸೈಕಲ್ಲು ತೆಗೆದುಕೊಂಡು ಹೊಳೆಯ ದಾರಿಯಲ್ಲಿ ಕಲಿಯಲು ಹೋಗಿ, ಬಿದ್ದು, ಮೊಣಕಾಲು ಕೆತ್ತಿಸಿಕೊಂಡು ಬಂದವಳು ಓಣಿಯ ನಡುವೆ ನಿಂತು, “ಬಿದ್ರೂ ಹ್ಯಾಂಡಲ್ ಬಿಡಲಿಲ್ಲ ನೋಡ್ರಿ ನಾ” ಎಂದಳಂತೆ. ಅವಳ ಎಮ್ಮೆಯ ಹಾಲಿನ ಕೆನೆಯ ಮೇಲೆ ರೂಪಾಯಿ ಇಟ್ಟರೂ ಮುಳುಗುವುದಿಲ್ಲ. ಅವಳ ಚಟ್ನಿ ತಿಂದ ನಾದಿನಿ ಮಿರಜ ಮುಟ್ಟುವ ತನಕ ನೀರು ಕುಡಿಯುತ್ತಲೇ ಹೋದಳು. ದನಿಯೂ ಬಡಾಯಿಗೆ ತಕ್ಕದ್ದು. ಈಕೆ ಉಗಾರದಲ್ಲಿ ಕೆಮ್ಮಿದರೆ ಹೊಳೆಯಾಚೆ ಕುಡಚಿಯಲ್ಲಿ ಕೇಳುತ್ತದೆ ಎಂದು ಗಂಡ ಧರೆಪ್ಪ ಹೇಳುತ್ತಿದ್ದ. ಅವನು ಹೇಳಿದ್ದು ಹೆಚ್ಚು ಜನಕ್ಕೆ ಕೇಳಿಸಿರಲಿಕ್ಕಿಲ್ಲ, ಏಕೆಂದರೆ ಅದೇ ಹೊತ್ತಿಗೆ ಅವಳೂ ಮಾತಾಡುತ್ತಿರುತ್ತಿದ್ದಳು.

ಈ ಬಡಾಯಿಗೆ ಎದುರು ನಿಲ್ಲುವ ಹೆಂಗಸು ಊರಲ್ಲಿ ಒಬ್ಬಳೇ, ಪಕ್ಕದ ಹೊಲದ ಶೇವಂತಾ. ಬಸುರಿಯೊಬ್ಬಳ ಕುಬಸದ ಊಟದಲ್ಲಿ ಶೇವಂತಾ ಎಲ್ಲರೆದುರಿಗೆ, “ಸೋನಕ್ಕನ ಹೋಳಿಗಿ ಬಾಯಿಗೆ ಬರೂಕಿಂತ ಮೊದಲs ಹರೀತಾವು” ಎಂದುಬಿಟ್ಟಳು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತ್ತು.

ಮೇವು ಕೊಯ್ದು ಹೊರೆ ಕಟ್ಟುವುದು ಒಬ್ಬರಿಂದ ಆಗುವ ಕೆಲಸ. ಅದನ್ನು ತಲೆಗೇರಿಸಲು ಮಾತ್ರ ಇನ್ನೊಬ್ಬರು ಬೇಕು. ಅದಕ್ಕೇ ಹೆಂಗಸರು ಬದುವಿನಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನು “ಯವ್ವಾ, ಒಂದೀಟ ಹೊರಿ ಹೊರಸಿ ಹೋಗ” ಎಂದು ಕರೆಯುತ್ತಾರೆ. ಒಂದು ದಿನ ಸೋನಾಬಾಯಿ ಹೊರೆ ಕಟ್ಟಿ ಎಷ್ಟು ಹೊತ್ತು ನಿಂತರೂ ಆ ದಾರಿಯಲ್ಲಿ ಬಂದವಳು ಶೇವಂತಾ ಒಬ್ಬಳೇ. ಇವಳು ಕರೆಯಲಿಲ್ಲ, ಅವಳು ನಿಲ್ಲಲಿಲ್ಲ. ನಿಲ್ಲದಿದ್ದರೆ ಹೋಗಲಿ, ಇವಳ ಹೊರೆಯನ್ನು ಕಣ್ಣಲ್ಲೇ ಅಳೆಯುತ್ತ, ಸೆರಗು ಸರಿ ಮಾಡಿಕೊಳ್ಳುತ್ತ, ಬೇಕೆಂದೇ ನಿಧಾನವಾಗಿ ಹೋದಳು. ಸೋನಾಬಾಯಿ ಹೊರೆ ಬಿಚ್ಚಿ, ಎರಡು ಮಾಡಿ, ಎರಡು ಸಲ ಹೊತ್ತಳು.

“ಅಮ್ಯಾ, ನನ್ನ ಹೊರಿ ನಾನs ಹೊರಬೇಕು. ಇನ್ನ ಮುಂದ ಯಾರಿಗೂ ಒದರೂದಿಲ್ಲ” ಎಂದಳು ಅಂದು ಸಂಜೆ ಅಮೋಲನಿಗೆ.

“ಹೆಂಗ ಹೊರತಿ ಮಾವಶಿ?”

“ಅದನ್ನ ನೀ ಕೇಳಬ್ಯಾಡ. ನಾ ಹೇಳ್ತೀನಿ, ನೀ ಬೆಸಿ.”

ಹಾಗೆ ಶುರುವಾಯಿತು. ರಜೆಯ ದಿನಗಳಲ್ಲಿ ಅವಳ ಕೊಟ್ಟಿಗೆಯಲ್ಲಿ ಅವಳು ಹೇಳುವುದು, ಇವನು ಬೆಸೆಯುವುದು, ಅವಳು ಬೈಯುವುದು, ಇವನು ಕತ್ತರಿಸುವುದು. ಮಡಚಿ ಒಯ್ಯಬಹುದಾದ ಮೂರು ಕಾಲಿನ ಒಂದು ಕಂಬ. ಅದಕ್ಕೆ ಮೇಲೆ ಕೆಳಗೆ ಆಡುವ ಒಂದು ತಟ್ಟೆ. ಮಾವನ ಹಳೆಯ ಸೈಕಲ್ಲಿನ ಚೈನು ಮತ್ತು ಫ್ರೀವೀಲು. ಹೊರೆಯನ್ನು ತಟ್ಟೆಗೆ ಉರುಳಿಸಿ ಕಾಲಲ್ಲಿ ಪೆಡಲು ತುಳಿದರೆ ಅದು ಗೇಣುಗೇಣಾಗಿ ಏರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಎಲ್ಲ ಸರಿಯಾದರೂ ಕೊನೆಯದೊಂದು ಬಾಕಿ ಉಳಿಯಿತು: ಎತ್ತರಕ್ಕೇರಿದ ಹೊರೆ ತಟ್ಟೆ ಬಿಟ್ಟು ತಲೆಗೆ ಬರಬೇಕಲ್ಲ, ಹೇಗೆ? ದಾರಿ ತೋರಿಸಿದ್ದು ಎಮ್ಮೆ. ಅದು ಕೊಟ್ಟಿಗೆಯ ಬಾಗಿಲಿನ ಕೊಕ್ಕೆಯನ್ನು ಹಣೆಯಿಂದ ದೂಡಿ ತೆರೆದು ಹೊರಗೆ ಹೋಗುವುದನ್ನು ಸೋನಾಬಾಯಿ ದಿನಾ ನೋಡಿ ದಿನಾ ಬೈಯುತ್ತಿದ್ದಳು. ಒಂದು ದಿನ ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿ ಅಮೋಲನಿಗೆ ಫೋನ್ ಮಾಡಿದಳು. ಅಂಥದೇ ಕೊಕ್ಕೆ ತಟ್ಟೆಯ ಕೆಳಗೆ ಬಂತು. ಈಗ ತಲೆ ಒತ್ತಿದರೆ ಸಾಕು, ಕೊಕ್ಕೆ ಬಿಚ್ಚಿ ತಟ್ಟೆ ವಾಲಿ ಹೊರೆ ತಾನಾಗಿ ತಲೆಗೆ ಜಾರುತ್ತದೆ.

“ಮಾವಶಿ, ಇದಕ್ಕ ಖರೇನs ಪೇಟೆಂಟ್ ಸಿಗತೈತಿ” ಎಂದ ಅಮೋಲ. ಖರೆ ಪೇಟೆಂಟು ಎಲ್ಲಿ ಸಿಗುತ್ತದೆಂದು ಕೇಳಿದ್ದರೆ ಮಿಸಳದ ಅಂಗಡಿ ತೋರಿಸುವಷ್ಟೇ ಅವನ ತಿಳಿವಳಿಕೆ. ಅಷ್ಟರಲ್ಲಿ ಟ್ರ್ಯಾಲಿ ಒಯ್ಯಲು ಬಂದ ಗಿರಾಕಿಯೊಬ್ಬ, ತನ್ನ ಮಗಳು ಬ್ರಾಹ್ಮಿ ಬೆಳಗಾವಿಯಲ್ಲಿ ಪೇಟೆಂಟ್ ಏಜೆಂಟ್ ಎಂದೂ, ಪ್ರತಿ ಶನಿವಾರ ಚಿಕ್ಕೋಡಿಗೆ ಬರುತ್ತಾಳೆಂದೂ ಹೇಳಿದ್ದರಿಂದ ಅವನ ಮರ್ಯಾದೆ ಉಳಿಯಿತು.

ಚಿಕ್ಕೋಡಿಯಲ್ಲಿ ಬ್ರಾಹ್ಮಿಯ ಎದುರು ಕುಳಿತ ಸೋನಾಬಾಯಿ ಮೊದಲು ಬಾಯಿಯನ್ನೇ ಬಿಡಲಿಲ್ಲ.

“ನಿಮಗ ತೋರಿಸಿದ್ರ ಹರಕತ್ ಇಲ್ಲೇನ್ರಿ ಬಾಯಾರ?”

“ಇಲ್ರಿ. ನನಗ ಹೇಳಿದ್ದು ನನ್ನ ಹತ್ರನs ಇರತೈತಿ.”

ಅಮೋಲನ ಫೋನಿನಲ್ಲಿದ್ದ ಯಂತ್ರದ ವಿಡಿಯೋ ನೋಡಿದ ಬ್ರಾಹ್ಮಿ ಎರಡನೇ ಸಲ ನೋಡಿದಳು. ಆಮೇಲೆ ಪ್ರಶ್ನೆಗಳ ಸುರಿಮಳೆ, ಅದೂ ಸೋನಾಬಾಯಿಯ ಕಡೆಯಿಂದ. ಪೇಟೆಂಟ್ ಎಷ್ಟು ವರ್ಷ ಬಾಳುತ್ತದೆ? ಅರ್ಜಿ ಹಾಕಿದ ದಿನದಿಂದ ಇಪ್ಪತ್ತು. ಮಹಾರಾಷ್ಟ್ರದಲ್ಲಿ ನಡೆಯುತ್ತದೇನು?

“ಇಡೀ ಭಾರತದಾಗ ನಡೀತೈತ್ರಿ. ಹೊರದೇಶಕ್ಕ ಬ್ಯಾರೆ ಹಾಕಬೇಕು.”

“ಹೊರದೇಶ ಹಾಳಾಗಲಿ, ಮಿರಜಿಗೆ ನಡೀತೈತಲ್ಲ, ಸಾಕು. ಮತ್ತ ಯಾರರೆ ಕದ್ದು ಮಾಡಿದ್ರ ಸರಕಾರ ಬಂದು ಹಿಡೀತೈತೇನ್ರಿ?”

“ಇಲ್ರಿ. ಕಣ್ಣಿಡೂದು, ಕೋರ್ಟಿಗೆ ಹೋಗೂದು ನೀವs.”

“ಕಣ್ಣಿಡೂದು ನನಗ ಬಿಡ್ರಿ. ಬದುವಿನಾಗ ನಿಂತು ಬೈಯೂದು ನನಗೇನ ಹೊಸಾದಲ್ಲ.”

ಇಲ್ಲಿ ಅಮೋಲ ಗಂಟಲು ಸರಿಪಡಿಸಿಕೊಂಡ. “ಮೇಡಂ, ಇದನ್ನ ಕಂಡುಹಿಡಿದವರು ಅಂತ ಇಬ್ಬರ ಹೆಸರ ಹಾಕಬಹುದೇನ್ರಿ? ಅಂದ್ರ, ಬೆಸದಾಂವ ನಾ.”

“ಹೇಳಿದ್ದನ್ನ ಬೆಸದೀರೋ, ನಿಮ್ಮದೂ ಏನರೆ ವಿಚಾರ ಐತ್ಯೋ?”

“ಕಾಲಿಗೆ ಗಾಲಿ ಹಚ್ಚೂಣು ಅನ್ನೂದು ನನ್ನ ವಿಚಾರರಿ.”

“ಹೌದ್ರಿ, ಹಚ್ಚಿದಾ” ಎಂದಳು ಸೋನಾಬಾಯಿ. “ಹೊರಿ ಸಮೇತ ಉಳ್ಳಿಕೋತ ಹೋಗಿ ಕಾಲುವ್ಯಾಗ ಬಿತ್ತು. ಇವನ ಹೆಸರ ಹಾಕೂದಿದ್ರ ನಮ್ಮ ಎಮ್ಮಿದೂ ಹಾಕ್ರಿ. ಕೊಕ್ಕಿ ಕಲಿಸಿದ್ದು ಅದು.”

ಎಮ್ಮೆಗೂ ಬೆಸೆದವನಿಗೂ ಕಾನೂನಿನಲ್ಲಿ ಜಾಗವಿಲ್ಲ ಎಂದು ಬ್ರಾಹ್ಮಿ ನಗು ತಡೆದುಕೊಂಡು ಹೇಳಿದಳು. ವಿಚಾರ ಯಾರದೋ ಹೆಸರು ಅವರದು. ಎಮ್ಮೆಯ ಸಾಲಿನಲ್ಲಿ ನಿಂತದ್ದಕ್ಕೆ ಅಮೋಲನಿಗೆ ಬೇಸರವಾಗಲಿಲ್ಲ; ಎಮ್ಮೆಯ ಕಡೆಯಿಂದ ಒಂದು ಕೊಕ್ಕೆಯಾದರೂ ಬಂದಿತ್ತು.

ಆಮೇಲೆ ಬ್ರಾಹ್ಮಿ ಗಂಭೀರವಾದಳು. “ಯಾರರೆ ನೋಡ್ಯಾರೇನ್ರಿ ಇದನ್ನ?”

“ಕಬ್ಬಿನ ನಡುವ ಹಚ್ಚತೀನ್ರಿ. ಆಳಿಗಿಂತ ಎತ್ತರ ಐತಿ. ಯಾರೂ ಕಂಡಿಲ್ಲ.”

“ಛಲೋ ಆತು. ಮೊದಲs ಎಲ್ಲೆರೆ ಇಂಥಾದ್ದು ಐತೇನು ಹುಡುಕಬೇಕು, ಆಮ್ಯಾಲ ಚಿತ್ರ ತಗದು ಅರ್ಜಿ ಹಾಕಬೇಕು. ಅಲ್ಲೀತನಕ ಯಾರಿಗೂ ತೋರಿಸಬ್ಯಾಡ್ರಿ, ಹೇಳಬ್ಯಾಡ್ರಿ. ಹತ್ತು ಮಂದಿಗೆ ಗೊತ್ತಾದ್ರ ಅದು ಹೊಸಾದಾಗಿ ಉಳಿಯೂದಿಲ್ಲ. ಹೊಸಾದಲ್ಲದ್ದಕ್ಕ ಪೇಟೆಂಟ್ ಇಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಸೋನಾಬಾಯಿ ರಾಯಬಾಗ ದಾಟಿದರೂ ಮಾತಾಡಲಿಲ್ಲ. ಹರಿಯುವ ಹೋಳಿಗೆಯ ಬಗ್ಗೆಯೂ ಬಡಾಯಿ ಕೊಚ್ಚಿಕೊಂಡ ಹೆಂಗಸು, ನಿಜವಾಗಿ ಕೊಚ್ಚಿಕೊಳ್ಳಬಹುದಾದ ಒಂದೇ ಒಂದು ಸಂಗತಿ ಕೈಗೆ ಬಂದಾಗ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು.

ಆದರೆ ಮುಚ್ಚಿಕೊಂಡಳು. ಧರೆಪ್ಪ ಗಾಬರಿಯಾಗಿ ಒಂದೆರಡು ಸಲ ಅವಳ ಹಣೆ ಮುಟ್ಟಿ ನೋಡಿದ.

ಊರು ಸುಮ್ಮನಿರಲಿಲ್ಲ. ಸೋನಾಬಾಯಿ ಈಗ ಬದುವಿನಲ್ಲಿ ನಿಂತು ಯಾರನ್ನೂ ಕರೆಯುತ್ತಿಲ್ಲ, ಆದರೂ ಮೊದಲಿಗಿಂತ ದೊಡ್ಡ ಹೊರೆ ಹೊತ್ತು ಕಬ್ಬಿನೊಳಗಿಂದ ಹೊರಗೆ ಬರುತ್ತಾಳೆ ಎಂಬುದನ್ನು ಶೇವಂತಾ ಗಮನಿಸಿದಳು. ಹಾಗಾದರೆ ಒಳಗೆ ಹೊರೆ ಹೊರಿಸುವವನು ಯಾರು? ಅವಳು ಕೇಳಿದ್ದು ಇಷ್ಟೇ. ಉಳಿದದ್ದನ್ನು ಊರು ತಾನೇ ಸೇರಿಸಿಕೊಂಡಿತು. ಯಂತ್ರವನ್ನು ಒಂದು ಸಲ ಹೊರಗೆ ತಂದು ನಿಲ್ಲಿಸಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಪೇಟೆಂಟಿನ ಬಾಗಿಲೂ ಮುಚ್ಚುತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ತನ್ನನ್ನು ಕಂಡು ಮಾತು ನಿಲ್ಲಿಸಿದರೂ ಸೋನಾಬಾಯಿ ಡಬ್ಬಿ ಎತ್ತಿಕೊಂಡು ಸುಮ್ಮನೆ ಬಂದಳು. ಧರೆಪ್ಪನ ಕಿವಿಗೆ ಬಿದ್ದಾಗ ಅವನು, “ಅಂಥಾಂವ ಯಾರರೆ ಇದ್ರ ನನಗೂ ಒಂದ ಹೊರಿ ಹೊರಸಿ ಹೋಗು ಅಂತ ಹೇಳ್ರಿ” ಎಂದು ಎದ್ದುಹೋದನಂತೆ.

ತಡೆಯಲಾಗದವನು ಅಮೋಲ. ಚಹಾದಂಗಡಿಯಲ್ಲಿ ಯಾರೋ “ನಿಮ್ಮ ಮಾವಶಿಗೆ ಜೋಡಿ ಸಿಕ್ಕಾನಂತಲ್ಲೋ” ಎಂದು ನಕ್ಕಾಗ ಅವನ ತಲೆ ಕೆಟ್ಟಿತು. ನೇರ ಕೊಟ್ಟಿಗೆಗೆ ಹೋಗಿ, ಯಂತ್ರದ ಮುಂದೆ ನಿಂತು, ಕೂದಲು ಸರಿ ಮಾಡಿಕೊಂಡು ಸೆಲ್ಫಿ ತೆಗೆದ. ಸಿಟ್ಟಿನಲ್ಲೂ ಕೂದಲು ಮರೆಯದಿರುವುದು ಅವನ ಇನ್ನೊಂದು ಪೇಟೆಂಟ್. ‘ನಮ್ಮ ಮಾವಶಿಗೆ ಹೊರಿ ಹೊರಸಾಂವ ಇಂವನs’ ಎಂದು ಬರೆದು ಸ್ಟೇಟಸ್ ಹಾಕಿಬಿಟ್ಟ.

ಸೋನಾಬಾಯಿಗೆ ತಿಳಿದಾಗ ಅವಳು ಕೂಗಲಿಲ್ಲ. ಅದೇ ಅಮೋಲನನ್ನು ಹೆಚ್ಚು ಹೆದರಿಸಿತು.

“ಲೇ ಅಮ್ಯಾ, ಇಷ್ಟ ದಿನ ನಾ ಬಾಯಿ ಮುಚ್ಚಿಕೊಂಡ್ನಿ. ನಿನಗ ಒಂದ ಬೆರಳ ಮುಚ್ಚಿಕೊಳ್ಳಾಕ ಆಗಲಿಲ್ಲ?”

ಅಂದು ಶನಿವಾರವೇ. ಇಬ್ಬರೂ ಚಿಕ್ಕೋಡಿಗೆ ಓಡಿದರು. ಬ್ರಾಹ್ಮಿ ಫೋನು ಈಸಿಕೊಂಡು ಫೋಟೋವನ್ನು ದೊಡ್ಡದು ಮಾಡಿದಳು, ಅತ್ತಿತ್ತ ಸರಿಸಿದಳು, ಮತ್ತೂ ದೊಡ್ಡದು ಮಾಡಿದಳು.

“ಮಷೀನ್ ಎಲ್ಲೈತ್ರಿ ಇದರಾಗ?”

“ನನ್ನ ಹಿಂದ ಐತ್ರಿ.”

“ನಿಮ್ಮ ಹಿಂದ ಏನೂ ಕಾಣಾಂಗಿಲ್ಲ. ಪೂರ್ತಿ ನೀವs ಇದ್ದೀರಿ.”

ನಿಜ. ಒಂದು ಕಾಲಿನ ತುದಿ ಬಿಟ್ಟರೆ ಉಳಿದದ್ದೆಲ್ಲ ಅಮೋಲನ ಮುಖ, ಹಲ್ಲು, ಕೂದಲು. ಕೆಳಗೆ ಬಂದ ಉತ್ತರಗಳೂ ಹಾಗೇ ಇದ್ದವು: ‘ಓಹೋ, ಹೊರಸಾಂವ ನೀನs ಏನು?’, ‘ಶಾಣ್ಯಾ ಹುಡುಗ, ಮಾವಶಿಗೆ ಆಸರಾದಿ’.

“ಚೈನಿಲ್ಲ, ತಟ್ಟಿ ಇಲ್ಲ, ಕೊಕ್ಕಿ ಇಲ್ಲ. ಇದರಿಂದ ಏನೂ ಬೈಲಿಗೆ ಬಿದ್ದಿಲ್ಲ” ಎಂದಳು ಬ್ರಾಹ್ಮಿ. “ಆದ್ರೂ ಮೊದಲ ಅಳಿಸ್ರಿ. ಹುಡುಕೂದು ಮುಗದೈತಿ, ಇಂಥಾ ಕೊಕ್ಕಿ ಎಲ್ಲೂ ಸಿಕ್ಕಿಲ್ಲ. ಚಿತ್ರಾನೂ ತಯಾರ ಅದಾವು. ಇವತ್ತs ಹಾಕೂಣು.”

ವಿಜ್ಞಾನಕ್ಕೆ ಅಮೋಲನ ಕಾಣಿಕೆ ಅಡ್ಡ ನಿಲ್ಲುವುದು ಎಂಬುದು ಅಂದು ಖಚಿತವಾಯಿತು. ಸೋನಾಬಾಯಿಗೆ ಮಾತ್ರ ಆ ಉತ್ತರಗಳು ಕುಟುಕುತ್ತಿದ್ದವು. ಊರ ಬಾಯಲ್ಲಿ ಹೊರೆ ಎತ್ತಿದ ಕೀರ್ತಿ ಈಗ ಅಮ್ಯಾನ ಪಾಲಾಗಿತ್ತು.

ಬ್ರಾಹ್ಮಿ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದಳು. ಅದು ಚೆನ್ನೈಯ ಕಚೇರಿಗೆ ಹೋಗುತ್ತದೆಂದೂ, ಪೂರ್ತಿ ವಿವರಣೆಯನ್ನು ಒಂದು ವರ್ಷದೊಳಗೆ ಕೊಡಬೇಕೆಂದೂ, ಅರ್ಜಿದಾರರು ಹೆಣ್ಣಾದ್ದರಿಂದ ಪರೀಕ್ಷೆ ಬೇಗ ಮಾಡಿರೆಂದು ಕೇಳಬಹುದೆಂದೂ ಹೇಳಿದಳು. ಕಂಡುಹಿಡಿದವರ ಜಾಗದಲ್ಲಿ ಒಂದೇ ಹೆಸರಿತ್ತು. ಸೋನಾಬಾಯಿ ಅದನ್ನು ಪರದೆಯ ಹತ್ತಿರ ಬಾಗಿ ಓದಿದಳು. ಮತ್ತೊಮ್ಮೆ, ಬಾಯಿಬಿಟ್ಟು ಓದಿದಳು.

“ಇನ್ನ ಹೇಳಬಹುದೇನ್ರಿ?”

“ಈಗ ಹೇಳ್ರಿ, ತೋರಿಸ್ರಿ. ಆದ್ರ ಪೇಟೆಂಟ್ ಆಗೇತಿ ಅನ್ನಬ್ಯಾಡ್ರಿ. ಇನ್ನೂ ಆಗಿಲ್ಲ. ಅರ್ಜಿ ಹಾಕೀನಿ ಅನ್ರಿ. ಹೊಸಾದೇನರೆ ಹಚ್ಚಿದ್ರ ಮೊದಲ ನನಗ ಹೇಳ್ರಿ.”

ಮರುದಿನ ಸಂಜೆ ಹೆಂಗಸರು ಮೇವು ಹೊತ್ತು ಮರಳುವ ಹೊತ್ತಿಗೆ ಸೋನಾಬಾಯಿ ದಾರಿಯ ಬದಿಯಲ್ಲಿ ದೊಡ್ಡದೊಂದು ಹೊರೆ ಕಟ್ಟಿ ನಿಂತಿದ್ದಳು. ಯಂತ್ರ ಚೀಲದೊಳಗಿತ್ತು. ಅಮೋಲನನ್ನು ಕಬ್ಬಿನೊಳಗೆ ಕೂರಿಸಿ ಹೊರಗೆ ಬಂದರೆ ಕಾಲು ಮುರಿಯುತ್ತೇನೆಂದು ಹೇಳಿದ್ದಳು. ಶೇವಂತಾ ಬಂದಳು. ಹೊರೆ ನೋಡಿದಳು, ಸುತ್ತ ನೋಡಿದಳು. ಹೋಳಿಗೆಯ ನಂತರ ಮೊದಲ ಸಲ ಮಾತು ಬಂತು.

“ಯಾಕ ಸೋನಕ್ಕ, ಇವತ್ತ ಅಮೋಲ ಬಂದಿಲ್ಲೇನು? ಹೊರಿ ಯಾರ ಹೊರಸ್ತಾರ?”

ಸೋನಾಬಾಯಿ ಚೀಲದಿಂದ ಯಂತ್ರ ತೆಗೆದು ಮೂರು ಕಾಲು ಬಿಡಿಸಿ ನಿಲ್ಲಿಸಿದಳು. ಹೊರೆ ಉರುಳಿಸಿ ಪೆಡಲು ತುಳಿದಳು. ಕಟಕಟ ಎನ್ನುತ್ತ ಹೊರೆ ಏರಿತು. ಹಿಂದೆ ಬರುತ್ತಿದ್ದ ಹೆಂಗಸರು ನಿಂತರು. ಅವಳು ಬಾಗಿ ತಲೆ ಒತ್ತಿದಳು, ತಟ್ಟೆ ವಾಲಿತು, ಹೊರೆ ತಲೆಯ ಮೇಲೆ ಕುಳಿತಿತು.

“ಇಂವ ನೋಡ ಶೇವಂತಾ, ನೀ ಹುಡುಕಾಕತ್ತಾಂವ” ಎಂದಳು ಕುಡಚಿಗೆ ಕೇಳುವಂತೆ. “ಮೂರು ಕಾಲು, ಒಂದ ಮಾತಿಲ್ಲ. ಇಂಥಾ ಗಂಡಸು ಈ ಊರಾಗ ಇನ್ನೊಬ್ಬ ಅದಾನೇನ ತೋರಿಸು. ವಿಚಾರ ನಂದು, ಹೆಸರ ನಂದು. ಪೇಟೆಂಟ್ ಆಗಿಲ್ಲ ಮತ್ತ, ಸುಳ್ಳ ಹೇಳಬಾರದು. ಅರ್ಜಿ ಆಗೇತಿ.”

ಶೇವಂತಾ ಬಹಳ ಹೊತ್ತು ಕೊಕ್ಕೆಯನ್ನೇ ನೋಡಿದಳು. ಆಮೇಲೆ ತನ್ನ ಹೊರೆಯನ್ನು ಧೊಪ್ಪನೆ ನೆಲಕ್ಕೆ ಇಳಿಸಿ, ತಟ್ಟೆಯ ಕಡೆಗೆ ಉರುಳಿಸಿದಳು.

“ನಂದೂ ಒಂದ ಹೊರಸs ಅಕ್ಕಾ, ನೋಡೂಣು.”