ಚಾವಣಿಗಲ್ಲಿನ ಬಗ್ಗೆ ನಾನು ಹೇಳದೆ ಉಳಿಸಿದ್ದು

ಒಬ್ಬ ಮನುಷ್ಯನ ಹತ್ತು ವರ್ಷದ ಕೆಲಸವನ್ನು ನಾನು ಎರಡು ಮಾತಿನಲ್ಲಿ ಮುಗಿಸಿದೆ. ಮೊದಲ ಮಾತು ಸುಳ್ಳು. ಎರಡನೆಯದು ನಿಜ, ಆದರೆ ಅರ್ಧ ನಿಜ. ಸುಳ್ಳಿಗಿಂತ ಆ ಅರ್ಧವೇ ಹೆಚ್ಚು ಕೆಟ್ಟದ್ದಾಗಿತ್ತು ಎಂದು ಈಗ ಅನ್ನಿಸುತ್ತದೆ. ಬಾಯಿ ತಪ್ಪಿ ಆಡಿದ್ದಲ್ಲ. ಎರಡನ್ನೂ ತಿಳಿದು, ತೂಗಿ ಆಡಿದೆ. ಆಡಿ ಮನೆಗೆ ಹೋಗಿ ರೊಟ್ಟಿ ಉಂಡೆ. ರುಚಿ ಹತ್ತಿತು.

ಆ ಮನುಷ್ಯ ಚನ್ನವೀರ ಡಾಕ್ಟರು. ಹಿರೇಕೆರೂರಿನ ಕಡೆಯವರು, ಹಾನಗಲ್ಲಿನಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ನಾನು ಅಕ್ಕಿಆಲೂರಿಗೆ ಎರಡು ಹರದಾರಿ ದೂರದ ನಮ್ಮೂರ ಸಾಲಿಯಲ್ಲಿ ಮಾಸ್ತರ. ಅವರ ಮೇಲೆ ನನಗೆ ಸಿಟ್ಟಿತ್ತು ಎಂದು ಬರೆದರೆ ಅದು ಮತ್ತೊಂದು ಸುಳ್ಳಾದೀತು. ಸಿಟ್ಟು ಉಂಡು ಮಲಗಿದರೆ ಇಳಿಯುತ್ತದೆ. ನನ್ನದು ಹಗೆ.

ಅದು ಹುಟ್ಟಿದ್ದು ಹೀಗೆ. ನಾವಿನ್ನೂ ಮುಂಬಯಿ ಇಲಾಖೆಯಲ್ಲಿದ್ದ ಕಾಲ. ಸುತ್ತಿನಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ಡಾಕ್ಟರು ಸೈಕಲ್ ಹತ್ತಿ ಊರೂರು ತಿರುಗಿ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕುತ್ತಿದ್ದರು. ನಮ್ಮವ್ವ ಹೆದರಿ ಕಣಜದ ಹಿಂದೆ ಅಡಗಿ ಕೂತಳು. ಅವರು ನೇರ ಒಳಗೆ ನುಗ್ಗಿ ಅವಳ ರಟ್ಟೆ ಹಿಡಿದು ಎಳೆತಂದು, ಅಂಗಳದ ತುಂಬ ಜನ ನೋಡುತ್ತಿರುವಾಗ ಚುಚ್ಚಿದರು. ಅವ್ವ ಕೂಸಿನ ಹಾಗೆ ಅತ್ತಳು. ಅಷ್ಟಕ್ಕೆ ಬಿಡಲಿಲ್ಲ. ಸಾಲಿಗೆ ಬಂದು, ನನ್ನ ಮಕ್ಕಳ ಮುಂದೆ, ಇಡೀ ವರ್ಗದ ಮುಂದೆ ಅಂದರು —

"ಮಾಸ್ತರ, ಮೊದಲ ನಿಮ್ಮ ಮನ್ಯಾಗಿನ ಕತ್ತಲಿ ಹೊರಗ ಹಾಕ್ರಿ. ಆಮ್ಯಾಲೆ ಇವಕ್ಕ ಅಕ್ಷರ ಕಲಿಸೀರಂತ."

ಮಕ್ಕಳು ನಕ್ಕರು. ಅದರಲ್ಲೊಬ್ಬ ಮರುದಿನ ಪಾಟಿಯ ಮೇಲೆ ಕಣಜದ ಚಿತ್ರ ಬರೆದಿದ್ದ.

ಆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲೇ ಎರಡು ಕೂಸು ಹೋದುವು. ಅವ್ವ ಉಳಿದಳು. ಅವರು ಚುಚ್ಚಿದ್ದಕ್ಕೇ ಉಳಿದಳು — ಇದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಹಗೆ ಇಳಿಯಲಿಲ್ಲ, ಇನ್ನಷ್ಟು ಏರಿತು. ಉಪಕಾರ ಮಾಡಿದವನನ್ನು ದ್ವೇಷಿಸುವಷ್ಟು ಸುಲಭವಾಗಿ ಮನುಷ್ಯ ಬೇರೆ ಯಾರನ್ನೂ ದ್ವೇಷಿಸುವುದಿಲ್ಲ ಎಂದು ಕಾಣುತ್ತದೆ. ಅಥವಾ ನಾನೇ ಅಂಥವನೋ —

ಡಾಕ್ಟರಿಗೆ ಒಂದು ಹುಚ್ಚಿತ್ತು. ನಮ್ಮೂರ ಕೆರೆ ಏರಿಯ ಪಕ್ಕ ಒಂದು ಹಾಳು ಗುಡಿ. ಅದಕ್ಕೆ ಅಂಟಿಕೊಂಡು ಉದ್ದನೆಯ ಒಂದು ಕಂಬಸಾಲೆ. ಅದರ ನೆಲದಲ್ಲಿ ಅರೆಯುವ ಕಲ್ಲುಗಳು ಹೂತಿದ್ದವು, ಗೋಡೆಯುದ್ದಕ್ಕೂ ಮನುಷ್ಯ ಮಲಗುವಷ್ಟು ಅಗಲದ ಕಟ್ಟೆಗಳು. ಅಂಗಳದ ಒಡಕು ಶಾಸನದಲ್ಲಿ ಗ್ರಹಣದ ದಿನ ರೋಗಿಗಳ ಮದ್ದಿಗೆಂದು ಭೂಮಿ ಬಿಟ್ಟ ಮಾತಿತ್ತು. ಇದು ಗುಡಿಯವರು ನಡೆಸಿದ ಆಸ್ಪತ್ರೆ ಎಂದು ಡಾಕ್ಟರ ವಾದ. ಇಷ್ಟಾದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಅವರು ಇನ್ನೂ ಮುಂದೆ ಹೋಗಿದ್ದರು. ಸಾಲೆಯ ಚಾವಣಿಯಲ್ಲಿ ಒಂದು ಕಿಂಡಿ. ಅದರಿಂದ ನಡುಮಧ್ಯಾಹ್ನದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ನೆಲದ ಮೇಲೆ ಅಡ್ಡಡ್ಡ ಗೀರುಗಳು. ಬಿಸಿಲು ತಿಂಗಳಿಂದ ತಿಂಗಳಿಗೆ ಈ ಗೀರುಗಳ ಮೇಲೆ ಸರಿಯುತ್ತದೆ, ಆ ಕಾಲದ ವೈದ್ಯ ಅದನ್ನು ನೋಡಿಯೇ ಋತು ತಿರುಗಿದ್ದನ್ನು ತಿಳಿದು ಮದ್ದು, ಪಥ್ಯ ಬದಲಿಸುತ್ತಿದ್ದ. ವೈದ್ಯ, ಜ್ಯೋತಿಷ, ಶಿಲ್ಪ ಮೂರೂ ಒಂದೇ ಚಾವಣಿಯ ಕೆಳಗೆ ಕೂಡಿದ್ದವು ಎನ್ನುವುದು ಅವರ ಪ್ರಬಂಧ.

ಅವಸರವೂ ಇತ್ತು. ಕೆರೆ ಏರಿ ಅಲ್ಲಲ್ಲಿ ಕುಸಿದಿತ್ತು. ಕಂಬಸಾಲೆ ಕೆಡವಿ ಅದರ ಕಲ್ಲನ್ನು ಏರಿಗೆ ಹಾಕಬೇಕೆಂದು ಊರ ಹಿರಿಯರು ಮಾತಾಡಿಕೊಂಡಿದ್ದರು. ಶಾಸನ, ಹಳೆಯ ಗುಡಿಗಳ ವಿಷಯ ಬಲ್ಲ ಪಂಡಿತರು ಒಪ್ಪಿ ಸರಕಾರಕ್ಕೆ ಬರೆದರೆ ಸಾಲೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಡಾಕ್ಟರಿಗೆ ಬೇಕಾಗಿದ್ದದ್ದು ಹೆಸರಲ್ಲ, ಆ ಕಟ್ಟಡ.

ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯಲು ಅವರಿಗೆ ಒಬ್ಬ ಬೇಕಿತ್ತು. ನನ್ನನ್ನು ಕರೆದರು. ಸಾಲಿಯಲ್ಲಿ ಅಂದ ಮಾತು ಅವರಿಗೆ ನೆನಪೇ ಇರಲಿಲ್ಲ! ನಾನು ಹೋದೆ. ನಮ್ಮಮ್ಮ — ಅಪ್ಪನ ತಾಯಿ — ಅನ್ನುತ್ತಿದ್ದಳು: "ಹಗಿ ಸಾಧಿಸಾಂವ ದೂರ ನಿಂದ್ರೂದಿಲ್ಲೋ, ಮಗ್ಗಲದಾಗ ಕುಂತು ಉಣ್ತಾನ." ಎರಡು ವರ್ಷ, ಐತವಾರಕ್ಕೊಮ್ಮೆ ನಾನು ಅವರ ಮಗ್ಗುಲಲ್ಲಿ ಕೂತು ಉಂಡೆ.

ಈಗ ನನಗೇನು ಗೊತ್ತಿತ್ತು ಎನ್ನುವುದನ್ನು ಹೇಳಬೇಕು. ನಮ್ಮದು ಕಲ್ಲುಕೆಲಸದ ಮನೆತನ. ಉಳಿ ಬಿಟ್ಟು ಹಲಗೆಗೆ ಬರೆಯುವ ಖಡು ಹಿಡಿದವನು ನಾನೇ ಮೊದಲು. ಅಜ್ಜ ಹೇಳುತ್ತಿದ್ದ ಒಂದು ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅವನ ಹರೆಯದಲ್ಲಿ ಆ ಸಾಲೆಯ ಚಾವಣಿಯೊಳಗೆ ಅರಳಿ ಗಿಡದ ಬೇರು ಇಳಿದು ಒಂದು ಹಾಸುಗಲ್ಲು ಸೀಳುವಂತಾಗಿತ್ತು. ಊರವರು ಅಜ್ಜನನ್ನು ಹತ್ತಿಸಿದರು. ಅವನು ಹಳೆಯ ಕಲ್ಲು ಇಳಿಸಿ, ಬೇರು ಕಡಿದು, ಬೇರೊಂದು ಕಲ್ಲು ಕೂರಿಸಿದ. ಹೊಸದು ಒಂದು ಗೇಣು ಗಿಡ್ಡ ಬಿತ್ತು. ಡಾಕ್ಟರು ಕಂಡ ಕಿಂಡಿ ಆ ಒಂದು ಗೇಣು. ನಮ್ಮಜ್ಜನ ಕೈತಪ್ಪು!

ಆದರೆ ಕತೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಅಜ್ಜ ತಂಬಾಕು ತಿಕ್ಕುತ್ತ ಮುಂದುವರಿಸುತ್ತಿದ್ದ —

"ಬೇರು ಎದರಾಗಿಂದ ಇಳದಿತ್ತು ಅಂತೀ? ಹಳೇ ಕಲ್ಲಿನ ನಡಬರಕ ಒಂದು ತೂತಿತ್ತು. ಬೀಸೂ ಕಲ್ಲಿಗೆ ಇರತೈತಲ್ಲ, ಹಂಗ ದುಂಡಗ. ಆದರ ನೆಟ್ಟಗ ಇದ್ದಿಲ್ಲೋ ತಮ್ಮಾ, ಓರೆ ಇತ್ತು. ತೆಂಕಣಕ್ಕ ವಾಲಿತ್ತು. ಓರೆ ತೂತು ಕೊರಿಯಾಕ ನೆಟ್ಟಂದಕ್ಕಿಂತ ಮೂರು ಪಟ್ಟು ದಿನ ಹಿಡೀತೈತಿ. ಸುಮ್ಮಸುಮ್ಮನ ಯಾವ ಮಗನೂ ಕೊರಿಯೂದಿಲ್ಲ."

ಆ ಹಳೆಯ ಕಲ್ಲನ್ನೂ ನಾನು ಬಲ್ಲೆ. ಅಜ್ಜ ಅದನ್ನು ಕೆರೆ ದಂಡೆಗೆ ಉರುಳಿಸಿ ಬೋರಲು ಬಿಟ್ಟಿದ್ದ. ಸಣ್ಣವನಿದ್ದಾಗ ಅದರ ತೂತಿನೊಳಗೆ ಮೊಣಕೈವರೆಗೆ ಕೈ ಹಾಕಿ ಏಡಿ ಹುಡುಕಿದ್ದೇನೆ. ಆಮೇಲೆ ಅದರಲ್ಲಿ ಕೆಸರು ಕಟ್ಟಿ, ಹುಲ್ಲು ಬೆಳೆದು ತೂತು ಮುಚ್ಚಿತು. ಐತವಾರದ ಮಧ್ಯಾಹ್ನ ಡಾಕ್ಟರು ಬುತ್ತಿ ಬಿಚ್ಚುತ್ತಿದ್ದದ್ದು ಅದೇ ಕಲ್ಲಿನ ಮೇಲೆ. ತಾನು ಹುಡುಕುತ್ತಿರುವುದರ ಮೇಲೇ ಕೂತು ಹಿಂಡಿಪಲ್ಯ ತಿನ್ನುವ ಮನುಷ್ಯನನ್ನು ನೋಡಿ ನಾನು ಒಳಗೊಳಗೇ ಕುಣಿದೆ.

ಒಂದು ಐತವಾರ ಅವರು ನೆಲದ ಮೇಲೆ ಮೊಣಕಾಲೂರಿ ಬಹಳ ಹೊತ್ತು ಕೂತರು. ಲೆಕ್ಕ ಕೂಡುತ್ತಿರಲಿಲ್ಲ. ಬಿಸಿಲು ಪ್ರತಿ ಸಲವೂ ಗೀರಿಗಿಂತ ಮೊಳದಷ್ಟು ಆಚೆ ಬೀಳುತ್ತಿತ್ತು. ಮಾಗಿಯಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ.

"ಮಾಸ್ತರ, ಕಲ್ಲಿನ ಮನೆತನ ನಿಮ್ಮದು. ಈ ಕಿಂಡಿ ಮೊದಲಿಂದನೂ ಇದ್ದದ್ದ ಏನು? ನಡುವ ಯಾರರ ಕೈ ಆಡಿಸ್ಯಾರೇನು?"

ಯಾವ ಅಹಂಕಾರವೂ ಇಲ್ಲದ ದನಿ. ತಿಳಿಯದವನು ತಿಳಿದವನನ್ನು ಕೇಳುವ ದನಿ. ಆ ಕ್ಷಣದಲ್ಲಿ ನಾನು ಅಜ್ಜನ ಕತೆ ಹೇಳಿ, ಹತ್ತು ಹೆಜ್ಜೆ ನಡೆದು ಆ ಕಲ್ಲಿನ ಹುಲ್ಲು ಕಿತ್ತು ತೂತು ತೋರಿಸಿದ್ದರೆ ಸಾಕಿತ್ತು. ಕಿಂಡಿಗೂ ಆ ತೂತಿಗೂ ನಡುವಿನ ಅಂತರವೇ ಅವರ ಲೆಕ್ಕದ ಒಂದು ಮೊಳ. ವರ್ಷದ ಹೆಚ್ಚು ಕಾಲ ನಡುಮಧ್ಯಾಹ್ನದ ಸೂರ್ಯ ಇರುವುದೂ ತೂತು ವಾಲಿದ ಆ ತೆಂಕಣದ ಕಡೆಗೇ.

"ಗುಡಿ ಹುಟ್ಟಿದಾಗಿಂದ ಹಂಗಾ ಐತ್ರಿ," ಅಂದೆ.

ಅವರು ನೋಟುಬುಕ್ಕು ತೆರೆದು ನನ್ನ ಮಾತು ಬರೆದುಕೊಂಡರು. ಕೆಳಗೆ ನನ್ನ ಹೆಸರು. ನೆಲ ಕುಸಿದು ಗೀರು ಸರಿದಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ರಾಜ್ಯಗಳು ಕೂಡಿದ ಮೇಲೆ ಒಂದು ಚಳಿಗಾಲ ಹಾನಗಲ್ಲಿನಲ್ಲಿ ಸಭೆ ಕೂಡಿತು. ಧಾರವಾಡದ ಕಡೆಯಿಂದ ಪಂಡಿತರು ಬಂದಿದ್ದರು. ಶಿಗ್ಗಾಂವಿ, ಸವಣೂರುಗಳಿಂದ ವೈದ್ಯರು, ವಕೀಲರು. ಡಾಕ್ಟರು ಒಂದು ತಾಸು ಓದಿದರು. ಮುಗಿದಾಗ ಹಿರಿಯ ಪಂಡಿತರು ತಲೆದೂಗಿದ್ದನ್ನು ಕಂಡೆ. ಎದ್ದು ನಿಂತೆ.

"ಒಂದ್ ಮಾತು, ಅಪ್ಪಣಿ ಇದ್ದರ. ಆ ಕಿಂಡಿ ಹಳೇದಲ್ಲರಿ. ನಮ್ಮಜ್ಜ ಗುಡಿ ರಿಪೇರಿಗೆ ಹತ್ತಿದಾಗ ಕಲ್ಲು ಗಿಡ್ಡ ಬಿದ್ದು ಉಳದ ಸಂದಿ ಅದು. ನಮ್ಮ ಮನ್ಯಾಗ ಯಾರನ್ನರ ಕೇಳ್ರಿ."

ಹಿಂದಿನ ಸಾಲಿನಿಂದ ಸವಣೂರಿನ ವಕೀಲನೊಬ್ಬ, "ಹಂಗಾರ ಡಾಕ್ಟರ, ನಿಮ್ಮ ಸೂರ್ಯ ಮೊನ್ನಿ ಮೊನ್ನಿ ಹುಟ್ಯಾನ ಬಿಡ್ರಿ!" ಅಂದ. ಮತ್ತೊಬ್ಬ, "ಮನಶ್ಯಾರ ನಾಡಿ ಬಿಟ್ಟು ಕಲ್ಲಿನ ನಾಡಿ ಹಿಡದರ ಹಿಂಗಾ ಆಕ್ಕೈತಿ" ಅಂದ. ಸಭೆ ಬಿದ್ದು ಬಿದ್ದು ನಕ್ಕಿತು.

ಡಾಕ್ಟರು ನಗುವವರನ್ನು ನೋಡಲಿಲ್ಲ. ನೋಟುಬುಕ್ಕು ತೆರೆದರು, ಒಂದು ಪುಟದಲ್ಲಿ ಬೆರಳಿಟ್ಟರು. ಅದು ಯಾವ ಪುಟ ಎಂದು ನನಗೆ ಗೊತ್ತಿತ್ತು. ಓದಿದ್ದರೆ ನನ್ನ ಮರ್ಯಾದೆ ಅಲ್ಲೇ ಮಣ್ಣು. ಅವರು ಓದಲಿಲ್ಲ. ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತ ಕೇಳಿದರು —

"ಮತ್ತೇನರ ಐತೇನು ಮಾಸ್ತರ, ಹೇಳೂದು?"

ಅಜ್ಜನ ಓರೆ ತೂತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು, ಇಡೀ ಸಭೆ ತಿರುಗುತ್ತಿತ್ತು.

"ಇಲ್ಲರಿ. ಇಷ್ಟ."

ಪಂಡಿತರು ಸಂಜೆಯ ಬಸ್ಸಿಗೆ ಹೋದರು. ಸರಕಾರಕ್ಕೆ ಯಾರೂ ಬರೆಯಲಿಲ್ಲ. ಆಸ್ಪತ್ರೆಯ ಮಾತು, ಅರೆಯುವ ಕಲ್ಲು, ಶಾಸನ, ಕಟ್ಟೆಗಳು — ನಿಜವಾಗಿದ್ದದ್ದೂ ಆ ಒಂದು ನಗೆಯಲ್ಲಿ ಕೊಚ್ಚಿ ಹೋಯಿತು. ಎರಡು ಬೇಸಿಗೆ ಕಳೆದ ಮೇಲೆ ಗಡಾರಿ ಹಿಡಿದ ಜನ ಬಂದರು. ಕಂಬ, ಕಟ್ಟೆ, ಹಾಸುಗಲ್ಲು ಎಲ್ಲವನ್ನೂ ಒಡೆದು ಏರಿಗೆ ಹೊಂದಿಸಿದರು. ದಂಡೆಯ ಮೇಲಿನ ಕಲ್ಲನ್ನು ಸುತ್ತಿಗೆಯಿಂದ ನಾಲ್ಕು ಹೋಳು ಮಾಡಿದಾಗ ನಾನು ಅಲ್ಲೇ ನಿಂತಿದ್ದೆ. ಹೋಳಿನಲ್ಲಿ ಓರೆ ತೂತಿನ ಅರ್ಧ ಕಂಡಿತು, ಉಳಿಯ ಗೆರೆ ಹಸನಾಗಿ. "ಮಾಸ್ತರ, ಸರೀರಿ, ಚಕ್ಕಿ ಸಿಡೀತಾವು" ಅಂದ ಕೆಲಸದವ. ನಾನು ಸರಿದೆ.

ಡಾಕ್ಟರನ್ನು ಮತ್ತೆ ನೋಡಿದ್ದು ಅರವತ್ತನೇ ಇಸವಿಯ ನಂತರ, ಯಲವಿಗಿ ಸ್ಟೇಷನ್ನಿನಲ್ಲಿ, ಹಾಡುಹಗಲು. ಹರಿಹರದ ಕಡೆಯ ಗಾಡಿಗೆ ಕಾಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆದರಿಕೆಯೋ ನಾಚಿಕೆಯೋ, ಏನೋ ಒಂದು ನನ್ನನ್ನು ಅವರ ಮುಂದೆ ತಳ್ಳಿತು. ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ: ಹಳೆಯ ಕಲ್ಲು, ತೂತು, ತೆಂಕಣದ ಓರೆ, ಅಜ್ಜನ ಮಾತು. ಅವರು ನಡುವೆ ತಡೆಯದೆ ಕೇಳಿಸಿಕೊಂಡರು.

"ಎಷ್ಟು ಓರೆ?" — ಇದೊಂದೇ ಕೇಳಿದ್ದು.

ಕೈ ಬಾಗಿಸಿ ತೋರಿಸಿದೆ. ಅವರು ನನ್ನ ಕೈಯನ್ನೇ ನೋಡುತ್ತ ಸ್ವಲ್ಪ ಹೊತ್ತು ತುಟಿಯೊಳಗೆ ಲೆಕ್ಕ ಹಾಕಿದರು. ಮುಖದಲ್ಲಿ ಏನೋ ಬೆಳಗಿದ ಹಾಗಾಯಿತು, ಕೂಡಲೇ ಆರಿತು.

"ನಾ ಅವತ್ತ ಆ ಪುಟ ಯಾಕ ಓದಲಿಲ್ಲ ಗೊತ್ತೇನು?"

"ಇಲ್ಲರಿ."

"ಓದಿದ್ದರ ನೀವು ಸುಳ್ಳುಗಾರ ಆಗತಿದ್ರಿ. ಸುಳ್ಳುಗಾರನ ಸಾಕ್ಷಿ ಯಾರೂ ತಗೊಳ್ಳೂದಿಲ್ಲ. ನಿಮ್ಮ ಬಾಯಾಗ ಇನ್ನೂ ಏನೋ ಐತಿ ಅಂತ ನನಗ ಅನಿಸಿತ್ತು. ಅದು ಹೊರಗ ಬರೂತನಾ ನಿಮ್ಮ ಮಾತಿಗೆ ಕಿಮ್ಮತ್ತು ಇರಲಿ ಅಂತ ಪುಸ್ತಕ ಮುಚ್ಚಿದೆ. ಎರಡು ವರ್ಷ ದಾರಿ ನೋಡಿದೆ ಮಾಸ್ತರ, ಆ ಕಂಬಸಾಲಿ ಕೆಡವೂ ತನಕ."

ಗಾಡಿ ಬಂತು. ನಾನು ಅವರ ಟ್ರಂಕಿಗೆ ಕೈ ಹಾಕಹೋದೆ.

"ಬಿಡ್ರಿ. ಮುಟ್ಟಬ್ಯಾಡ್ರಿ."

ಕ್ಷಮಿಸಲಿಲ್ಲ. ಕ್ಷಮೆ ಕೇಳುವಷ್ಟು ಧೈರ್ಯ ನಾನೂ ಮಾಡಲಿಲ್ಲ. ಅದಾಗಿ ಕೆಲವು ವರ್ಷಕ್ಕೆ ಅವರು ಹೋದ ಸುದ್ದಿ ಬಂತು. ಪ್ರಬಂಧ ಎಲ್ಲಿ ಹೋಯಿತೋ ತಿಳಿಯದು.

ಡಾಕ್ಟರ, ನೀವು ಓದದೆ ಮುಚ್ಚಿದ ಪುಟವನ್ನು ಈಗ ನಾನೇ ಓದುತ್ತಿದ್ದೇನೆ. ನೀವು ಉಳಿಸಿಕೊಟ್ಟ ನನ್ನ ಮರ್ಯಾದೆಯಲ್ಲಿ ಇಷ್ಟು ವರ್ಷ ಬದುಕಿದೆ — ಊರಲ್ಲಿ ನಾನು ಖರೆ ಮಾತಿನ ಮಾಸ್ತರ, ಸಭೆಯಲ್ಲಿ ಎದ್ದು ನಿಂತು ಸತ್ಯ ಹೇಳಿದವನು. ಅದನ್ನು ಇಲ್ಲಿಗೆ ಬಿಡುತ್ತೇನೆ. ಇದರ ಒಂದು ಪ್ರತಿಯನ್ನು ಹಿರೇಕೆರೂರಿನ ನಿಮ್ಮ ಮಗಳಿಗೆ ಕಳಿಸುತ್ತೇನೆ. ಹರಿದು ಹಾಕಿದರೂ ಅದು ಅವಳ ಹಕ್ಕು.

ಉಳಿದವರಿಗೆ, ಮುಂದೆ ಯಾರಾದರೂ ಈ ವಿಷಯ ಕೈಗೆತ್ತಿಕೊಂಡರೆ, ಇಷ್ಟು ಬರೆದಿಡುತ್ತೇನೆ. ಕಂಬಸಾಲೆಯ ಚಾವಣಿಯ ಹಳೆಯ ಹಾಸುಗಲ್ಲಿನ ನಡುವೆ ದುಂಡನೆಯ ತೂತಿತ್ತು. ಒಂದು ಗೇಣು ಅಗಲ, ತೆಂಕಣಕ್ಕೆ ಓರೆ, ಉಳಿಯಿಂದ ಕೊರೆದದ್ದು. ಡಾಕ್ಟರು ಕಿಂಡಿ ಎಂದು ಕರೆದದ್ದಕ್ಕೂ ಅದಕ್ಕೂ ಒಂದು ಮೊಳ ಅಂತರ. ಕಲ್ಲು ಇಲ್ಲ, ಸಾಲೆ ಇಲ್ಲ, ಅದನ್ನು ಇಳಿಸಿದ ಅಜ್ಜ ಇಲ್ಲ. ಕೈಯಾರೆ ಮುಟ್ಟಿ ನೋಡಿದವನು ನಾನೊಬ್ಬನೇ ಉಳಿದಿದ್ದೇನೆ. ಮತ್ತು ನಾನು ಇದೇ ಕಲ್ಲಿನ ಬಗ್ಗೆ, ಕೇಳಿದವರ ಮುಖ ನೋಡಿಯೇ, ಸುಳ್ಳು ಹೇಳಿದವನು. ನಂಬುವ ಮೊದಲು ಇದನ್ನೂ ತೂಕಕ್ಕೆ ಹಾಕಿಕೊಳ್ಳಿ.